ಮಟ್ಟು ಮತ್ತು ಮನೆ: ಜೋಡಾಸಾಂಕೊ ಅಂಗಳದಲ್ಲಿ ಕನ್ನಡದ ಧಾಟಿಗಳು

ರವೀಂದ್ರನಾಥ ಠಾಕೂರರ ಗೀತೆಗಳಲ್ಲಿ ಕೆಲವು ಕನ್ನಡ ನಾಡಿನ ಮಟ್ಟುಗಳ ಮೇಲೆ ರಚಿತವಾದುವೆಂಬ ಸಂಗತಿ ವಂಗದೇಶದಲ್ಲಿ ನೆಲಸಿದ ಕನ್ನಡಿಗರಿಗೆ ಬಲು ಪ್ರಿಯವಾದುದು. ನಾಲ್ವರು ಕನ್ನಡಿಗರು ಕೂಡಿದ ಕಡೆ, ಅದರಲ್ಲಿಯೂ ವಂಗೀಯ ಮಿತ್ರನೊಬ್ಬನು ಎದುರಿಗಿದ್ದಾಗ, ಈ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಮಾತೇನೋ ನಿಜ. ರವೀಂದ್ರರ ಅಣ್ಣನ ಮಗಳಾದ ಇಂದಿರಾದೇವಿ ಚೌಧುರಾಣಿಯವರು ೧೯೫೪ರಲ್ಲಿ ಹೊರತಂದ ‘ರವೀಂದ್ರಸಂಗೀತೇರ್ ತ್ರಿವೇಣೀಸಂಗಮ್’ ಎಂಬ ಪುಸ್ತಕವು, ಪರರ ಧಾಟಿಗಳನ್ನು ಆಧರಿಸಿ ಕವಿ ಕಟ್ಟಿದ ಹಾಡುಗಳನ್ನು ಕುರಿತದ್ದು. ಇಂಥ ಹಾಡುಗಳಿಗೆ ಬಂಗಾಳಿಯಲ್ಲಿ ‘ಭಾಂಗಾ ಗಾನ್’ ಎಂದು ಹೆಸರು. ಒಡೆದ ಹಾಡು ಎಂದರ್ಥ. ಈ ವರ್ಗದಲ್ಲಿ ‘ಬಡೊ ಆಶಾ ಕರೆ’ ಎಂಬುದಕ್ಕೆ ‘ಸಖಿ ಬಾ ಬಾ’ ಎಂಬ ಕನ್ನಡ ಹಾಡನ್ನೂ, ‘ಆಜಿ ಶುಭದಿನೆ’ ಎಂಬುದಕ್ಕೆ ‘ಪೂರ್ಣಚಂದ್ರಾನನೆ’ ಎಂಬುದನ್ನೂ ಮೂಲವಾಗಿ ಹೇಳುವುದುಂಟು. ಎಲ್ಲಕ್ಕಿಂತ ಪ್ರಸಿದ್ಧವಾದ ‘ಆನಂದಲೋಕೆ’ ಎಂಬ ಗೀತೆಯ ಮೇಲೆ ‘ಮಹೀಶೂರಿ ಭಜನ’, ಎಂದರೆ ಮೈಸೂರಿನ ಭಜನೆ, ಎಂಬ ನಿರ್ದೇಶವಿದೆ.

ಆದರೆ ಕನ್ನಡಿಗರ ಹೆಮ್ಮೆ ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತದೆ. ಧಾಟಿ ತಮ್ಮದೆಂದು ಸ್ಥಾಪನೆಯಾದೊಡನೆ ವಿಚಾರ ಮುಗಿಯಿತೆಂಬ ಭಾವ. ಮಟ್ಟು ಎಲ್ಲಿಂದ ಬಂದಿತೆಂದು ಕೇಳಿದವರು ಹಲವರು. ಎಲ್ಲಿಗೆ ಹೋಯಿತೆಂದು ಕೇಳಿದವರು ವಿರಳ. ಮಲೆನಾಡಿನಲ್ಲಿ ಹಳೆಯ ಮನೆಯೊಂದನ್ನು ಬಿಚ್ಚಿದಾಗ ಅದರ ತೊಲೆ ಕಂಬಗಳನ್ನು ಬೇರೊಂದು ಊರಿಗೆ ಸಾಗಿಸಿ ಹೊಸ ಮನೆಗೆ ಕೂಡಿಸುವುದುಂಟು. ಮರ ಅದೇ, ಆದರೆ ಹೊಸ ಜಂತಿಯ ಅಳತೆಗೆ ತಕ್ಕಂತೆ ಅದನ್ನು ಕೊಯ್ಯಲೇಬೇಕು. ಕನ್ನಡದ ಧಾಟಿಗಳು ಕಲ್ಕತ್ತೆಯಲ್ಲಿ ಯಾವ ಮನೆಗೆ ಕೂಡಿಕೊಂಡುವು, ಆ ಮನೆಯ ಅಳತೆ ಎಂಥದು, ಅದಕ್ಕಾಗಿ ಅವುಗಳಲ್ಲಿ ಏನನ್ನು ಕೊಯ್ಯಬೇಕಾಯಿತು ಎಂಬುದನ್ನು ವಿವೇಚಿಸಿದ ಹೊರತು ಈ ಋಣದ ಲೆಕ್ಕ ತಿಳಿಯಲಾರದು. ‘ಮನೆ’ ಎಂಬ ಮಾತನ್ನು ಇಲ್ಲಿ ಅಲಂಕಾರವಾಗಿ ಬಳಸಿಲ್ಲ. ಗೋಡೆ, ಕಮಾನು, ಅಂಗಳ, ಮೆಟ್ಟಿಲುಗಳುಳ್ಳ ಕಟ್ಟಡವೆಂದೇ ಅರ್ಥ.

ಹಾಡಿಗೂ ಕಟ್ಟಡಕ್ಕೂ ಇರುವ ಸಂಬಂಧವನ್ನು ಲೆಕ್ಕಕ್ಕೆ ತಂದವನು ಅಮೆರಿಕದ ವಾಲೇಸ್ ಸೇಬಿನ್. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸಭವನದಲ್ಲಿ ಮಾತು ಕೇಳಿಸದೆ ಕಲಸಿಹೋಗುತ್ತಿದ್ದುದರ ಕಾರಣವನ್ನು ಹುಡುಕಹೊರಟು, ನಾದವು ನಿಂತ ಮೇಲೆಯೂ ಕೋಣೆಯಲ್ಲಿ ಉಳಿಯುವ ಅದರ ಬಾಲ, ಎಂದರೆ ಅನುರಣನ, ಕೋಣೆಯ ಗಾತ್ರ ಹೆಚ್ಚಿದಷ್ಟೂ ಬೆಳೆಯುವುದೆಂದೂ, ನಾದವನ್ನು ಹೀರುವ ಬಟ್ಟೆ, ಮೆತ್ತೆ, ಜನರ ಮೈ ಹೆಚ್ಚಿದಷ್ಟೂ ಕುಗ್ಗುವುದೆಂದೂ ತೋರಿಸಿದನು. ಈ ವಿದ್ಯೆಗೆ ಕಲ್ಕತ್ತೆಯೂ ತನ್ನ ಪಾಲನ್ನು ಸಲ್ಲಿಸಿದೆ. ಚಂದ್ರಶೇಖರ ವೆಂಕಟರಾಮನ್ನರು ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಪಿಸುಮಾತಿನ ಗ್ಯಾಲರಿಗಳನ್ನು ಕುರಿತು ಸಂಶೋಧನೆ ನಡೆಸಿ ೧೯೨೨ರಲ್ಲಿ ಪ್ರಕಟಿಸಿದರು. ಅದರಲ್ಲಿ ವಿಜಾಪುರದ ಗೋಳಗುಮ್ಮಟವೂ ಕಲ್ಕತ್ತೆಯ ವಿಕ್ಟೋರಿಯಾ ಸ್ಮಾರಕವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಒಂದು ೧೬೫೬ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿ. ಇನ್ನೊಂದು ೧೯೨೧ರಲ್ಲಿ ತೆರೆದ ಸಾಮ್ರಾಜ್ಯವೈಭವ. ಗೋಡೆಗೆ ಅಂಟಿಕೊಂಡು ಹರಿಯುವ ಪಿಸುದನಿಗೆ ಈ ಭೇದವಿಲ್ಲ.

ಗೋಳಗುಮ್ಮಟದ ಸುಮಾರು ೩೮ ಮೀಟರು ಒಳವ್ಯಾಸದ ಗುಮ್ಮಟದ ಕೆಳಗೆ ಯಾರಾದರೂ ಚುರುಕಾದ ಸ್ವರಪ್ರಸ್ತಾರ ಹಾಡಹೊರಟರೆ ನಡೆಯುವುದೇನು? ಒಂದು ಸ್ವರವು ಅಡಗುವ ಮುನ್ನ ಮತ್ತೆ ಹತ್ತು ಅದರ ಮೇಲೆ ಬಿದ್ದು ಎಲ್ಲವೂ ಗದ್ದಲವಾಗುತ್ತದೆ. ಬಯಲಿನಲ್ಲಿ ಇದಕ್ಕೆ ವಿಪರೀತ. ಅಲ್ಲಿ ನಾದಕ್ಕೆ ಬಾಲವೇ ಇಲ್ಲ. ಬಾಯಿಂದ ಹೊರಟದ್ದು ಹೊರಟಂತೆಯೇ ಕರಗುತ್ತದೆ. ಕರಾವಳಿಯ ಯಕ್ಷಗಾನ ಈ ತತ್ತ್ವವನ್ನು ಯಾವ ಗ್ರಂಥವನ್ನೂ ಓದದೆ ಅರಿತಿತ್ತು. ಕೊಯ್ಲಾದ ಗದ್ದೆಯಲ್ಲಿ, ಇರುಳಿನ ತೆರಪಿನಲ್ಲಿ ಆಟ ನಡೆಯಬೇಕಾದ್ದರಿಂದ ಭಾಗವತನ ಶ್ರುತಿ ಏರಿತು, ಚೆಂಡೆ ಬಂದಿತು. ಮನೆಯ ಚಾವಡಿಯಲ್ಲಿ ಅದೇ ಪ್ರಸಂಗವನ್ನು ಕುಳಿತು ಹೇಳುವಾಗ, ಹೆಸರೇ ಹೇಳುವಂತೆ, ತಾಳವೂ ಮದ್ದಳೆಯೂ ಸಾಕಾದುವು. ವೀಣೆ ಶೇಷಣ್ಣನವರ ಕಾಲದ ಮೈಸೂರಿನ ವೈಣಿಕಸಂಪ್ರದಾಯವನ್ನು ಆ ಗದ್ದೆಯಲ್ಲಿ ಊಹಿಸಿಕೊಳ್ಳುವುದೂ ಕಷ್ಟ. ತಂತಿಯನ್ನು ಎಳೆದು ಹೊರಡಿಸುವ ಗಮಕದ ಕೊನೆಯ ಅಲುಗು ಹತ್ತಿರ ಕುಳಿತ ಹತ್ತು ಮಂದಿಗೆ ಕೇಳಿಸಬೇಕಾದುದು. ಅದಕ್ಕೆ ಸಣ್ಣ ಕೋಣೆಯೇ ಬೇಕು.

ಯೂರೋಪಿನಲ್ಲಿ ಕಟ್ಟಡಕ್ಕಾಗಿಯೇ ಸಂಗೀತ ರಚಿಸುವ ಪರಿಪಾಟ ಹಳೆಯದು. ವೆನಿಸ್ಸಿನ ಸಂತ ಮಾರ್ಕನ ದೇವಾಲಯದ ಉಪ್ಪರಿಗೆಗಳಲ್ಲಿ ಗಾಯಕರನ್ನೂ ವಾದಕರನ್ನೂ ಬೇರೆಬೇರೆಯಾಗಿ ನಿಲ್ಲಿಸಿ ನಾದವನ್ನು ಎದುರುಬದುರು ಎಸೆದಾಡಿಸಿದ ಗ್ಯಾಬ್ರಿಯೇಲಿಯ ಕೃತಿಗಳು ೧೫೯೭ರಲ್ಲಿಯೇ ಅಚ್ಚಾದುವು. ಇದರ ಇನ್ನೊಂದು ತುದಿಯೆಂದರೆ ೧೯೫೮ರ ಬ್ರಸೆಲ್ಸ್ ಪ್ರದರ್ಶನದಲ್ಲಿ ಫಿಲಿಪ್ಸ್ ಕಂಪೆನಿಗಾಗಿ ಎದ್ದ ಮಂಟಪ. ಅದರ ಬಾಗುಗೋಡೆಗಳಲ್ಲಿ ಹುದುಗಿಸಿದ ನೂರಾರು ಧ್ವನಿವರ್ಧಕಗಳಿಗೆಂದೇ ಎಡ್ಗಾರ್ ವಾರೇಸ್ ಒಂದು ವಿದ್ಯುನ್ಮಾನ ಕೃತಿಯನ್ನು ರಚಿಸಿದನು. ಮರುವರ್ಷ ಮಂಟಪವನ್ನು ಕೆಡವಿದರು. ಸಂಗೀತ ಉಳಿಯಿತು, ಅದರ ಮನೆ ಉಳಿಯಲಿಲ್ಲ.

ಕಲ್ಕತ್ತೆಯ ಪ್ರಸಂಗ ಇವೆರಡಕ್ಕಿಂತ ವಿಲಕ್ಷಣವಾದುದು. ಇಲ್ಲಿ ಹಾಡು ಹೇಗಿರಬೇಕೆಂಬುದನ್ನು ಮೊದಲು ನಿರ್ಣಯಿಸಿದ್ದು ಶಿಲ್ಪಿಯಲ್ಲ, ಗಾಯಕನಲ್ಲ. ಒಂದು ನೋಂದಣಿಯ ಕಾಗದ. ರಾಜಾ ರಾಮಮೋಹನ ರಾಯರು ೧೮೨೮ರಲ್ಲಿ ಆರಂಭಿಸಿದ ಬ್ರಹ್ಮಸಭೆಗೆ ಚಿತ್ಪುರ ರಸ್ತೆಯಲ್ಲಿ ಸ್ವಂತ ಕಟ್ಟಡ ದೊರೆತದ್ದು ೧೮೩೦ರ ಜನವರಿ ೨೩ರಂದು. ಬಂಗಾಳಿ ಪಂಚಾಂಗದಂತೆ ಮಾಘಮಾಸದ ಹನ್ನೊಂದನೆಯ ದಿನ. ಅದಕ್ಕೆ ಎರಡು ವಾರ ಹಿಂದೆ ರಾಯರು, ದ್ವಾರಕಾನಾಥ ಠಾಕೂರ್ ಮೊದಲಾದವರೊಡನೆ ಸೇರಿ ಆ ಸ್ಥಳವನ್ನು ಧರ್ಮದರ್ಶಿಗಳಿಗೆ ಒಪ್ಪಿಸುವ ಪತ್ರವನ್ನು ಬರೆಯಿಸಿದರು. ಆ ಪತ್ರದಂತೆ ಈ ಗೋಡೆಗಳ ಒಳಗೆ ವಿಗ್ರಹವಾಗಲಿ ಚಿತ್ರಪಟವಾಗಲಿ ಬರಕೂಡದು. ಬಲಿಯಾಗಲಿ ನೈವೇದ್ಯವಾಗಲಿ ಕೂಡದು. ಯಾವ ಜಾತಿಯ ಮನುಷ್ಯನನ್ನೂ, ಸಭ್ಯನಾಗಿ ನಡೆದುಕೊಳ್ಳುವವರೆಗೆ, ಹೊರಗಿಡಕೂಡದು. ಉಪದೇಶ ಪ್ರಾರ್ಥನೆಗಳ ಜೊತೆಗೆ ಹಾಡಿಗೂ ಕಟ್ಟಳೆ ಬಿದ್ದಿತು. ಜಗತ್ಕರ್ತೃವಿನ ಧ್ಯಾನಕ್ಕೂ ನೀತಿಗೂ ಸರ್ವಮತದ ಜನರ ಐಕಮತ್ಯಕ್ಕೂ ಸಹಾಯಕವಾದ ಹಾಡಲ್ಲದೆ ಬೇರೆ ಹಾಡು ಅಲ್ಲಿ ಸಲ್ಲದು. ಕಟ್ಟಡದ ದಸ್ತಾವೇಜೇ ಅದರೊಳಗಿನ ಸಂಗೀತಕ್ಕೆ ಲಕ್ಷಣಶಾಸ್ತ್ರವಾದ ಉದಾಹರಣೆ ಭಾರತದಲ್ಲಿ ಹೆಚ್ಚು ಸಿಕ್ಕಲಾರದು.

ಈ ಕಟ್ಟಳೆಯ ಫಲವೇನೆಂದು ಯೋಚಿಸಬೇಕು. ದೇವಾಲಯದಲ್ಲಿ ಹಾಡುವವನ ಕಣ್ಣಿಗೆ ಒಂದು ಗುರಿಯಿರುತ್ತದೆ. ಉಡುಪಿಯಲ್ಲಿ ಕಿಂಡಿಯಾಚೆ ಕೃಷ್ಣ, ಪಂಢರಿಯಲ್ಲಿ ಇಟ್ಟಿಗೆಯ ಮೇಲೆ ವಿಠಲ. ದಾಸರ ಪದಗಳಲ್ಲಿ ಕಣ್ಣು, ಕಿವಿ, ಪಾದ, ಗೆಜ್ಜೆ ಎಂದು ಒಂದೊಂದನ್ನೇ ಹಿಡಿದು ವರ್ಣಿಸುವುದಕ್ಕೆ ಎದುರಿಗೊಂದು ಮೂರ್ತಿ ನಿಂತಿರುವುದೇ ಆಧಾರ. ಬ್ರಹ್ಮಸಭೆಯ ಕೋಣೆಯಲ್ಲಿ ಈ ಆಧಾರ ಕಾನೂನಿನಿಂದಲೇ ತೊಲಗಿತು. ನೋಡುವುದಕ್ಕೆ ಏನೂ ಇಲ್ಲದ ಕೋಣೆಯನ್ನು ಕೇಳುವುದರಿಂದಲೇ ತುಂಬಬೇಕಾಯಿತು. ಅದಕ್ಕೆ ಆರಿಸಿಕೊಂಡ ಸಾಧನ ಧ್ರುಪದ. ಕೃಷ್ಣ, ವಿಷ್ಣು ಎಂಬ ಚಕ್ರವರ್ತಿ ಸಹೋದರರು ಹಾಡುತ್ತಿದ್ದರು. ಗುಲಾಮ್ ಅಬ್ಬಾಸ್ ಎಂಬವರು ಪಖವಾಜ್ ನುಡಿಸುತ್ತಿದ್ದರು. ಇವರಲ್ಲಿ ವಿಷ್ಣು ಚಕ್ರವರ್ತಿ ದೀರ್ಘಕಾಲ ಸಮಾಜದ ಗಾಯಕರಾಗಿದ್ದು, ಬಾಲಕ ರವೀಂದ್ರರ ಮೊದಲ ಗುರುಗಳಲ್ಲಿ ಒಬ್ಬರಾದರು. ಸ್ಥಾಯಿ, ಅಂತರಾ, ಸಂಚಾರಿ, ಆಭೋಗಗಳೆಂಬ ಧ್ರುಪದದ ನಾಲ್ಕು ಅಂಗಗಳು ರವೀಂದ್ರರ ಗೀತರಚನೆಯಲ್ಲಿ ಕೊನೆಯವರೆಗೂ ಉಳಿದುದಕ್ಕೆ ಈ ಕೋಣೆಯಲ್ಲಿ ಬಿದ್ದ ಅಡಿಗಲ್ಲೇ ಕಾರಣ.

ಮಾಘದ ಹನ್ನೊಂದನೆಯ ದಿನ ಸಮಾಜದ ವಾರ್ಷಿಕ ಮಹೋತ್ಸವವಾಯಿತು. ಬೆಳಿಗ್ಗೆ ಚಿತ್ಪುರ ರಸ್ತೆಯ ಮಂದಿರದಲ್ಲಿ ಉಪಾಸನೆ. ಸಂಜೆ ಅಲ್ಲಿಗೆ ಸಮೀಪದ ಜೋಡಾಸಾಂಕೊವಿನಲ್ಲಿ, ಮಹರ್ಷಿ ದೇವೇಂದ್ರನಾಥರ ಮನೆಯಲ್ಲಿ. ಈ ಸಂಜೆಯ ಕೂಟಕ್ಕೆ ಒದಗಿದ ಸ್ಥಳವೇ ಪ್ರಕೃತ ವಿಚಾರದ ಕೇಂದ್ರ.

ಕಲ್ಕತ್ತೆಯ ಹಳೆಯ ಶ್ರೀಮಂತರ ಮನೆಗಳಲ್ಲಿ ನಡುವೆ ತೆರೆದ ಅಂಗಳ, ಅದರ ಒಂದು ಪಾರ್ಶ್ವದಲ್ಲಿ ಮೆಟ್ಟಿಲುಗಳ ಮೇಲೆ ಸಾಲು ಕಮಾನುಗಳ ಪೂಜಾಮಂಟಪ ಇರುವುದು ವಾಡಿಕೆ. ಈ ಮಂಟಪವೇ ‘ಠಾಕುರ್ ದಾಲಾನ್’. ಉಳಿದ ಮೂರು ಪಾರ್ಶ್ವಗಳಲ್ಲಿ ಎರಡು ಅಂತಸ್ತಿನ ಜಗಲಿ. ಮೇಲಿನ ಜಗಲಿಯಿಂದ ಹೆಂಗಸರು ಪೂಜೆ ನೋಡುತ್ತಿದ್ದರು. ಇಡೀ ಕಟ್ಟಡ ಶರದೃತುವಿನ ದುರ್ಗೆಯ ಕಡೆಗೆ ಮುಖಮಾಡಿ ನಿಂತ ರಂಗಮಂದಿರವೆಂದರೆ ತಪ್ಪಾಗದು. ಕನ್ನಡಿಗನಿಗೆ ಇದನ್ನು ತೊಟ್ಟಿಯ ಮನೆಯೆಂದು ಹೇಳಿದರೆ ಅರ್ಧ ತಿಳಿಯುತ್ತದೆ. ತೊಟ್ಟಿಯ ಒಂದು ಪಾರ್ಶ್ವವನ್ನು ಎತ್ತರಿಸಿ ದೇವಾಲಯದ ಮುಖಮಂಟಪವನ್ನಾಗಿ ಮಾಡಿದಂತೆ ಊಹಿಸಿಕೊಂಡರೆ ಮಿಕ್ಕರ್ಧವೂ ತಿಳಿಯುತ್ತದೆ. ದೇವೇಂದ್ರನಾಥರು ಬ್ರಾಹ್ಮಧರ್ಮವನ್ನು ಸ್ವೀಕರಿಸಿದ ಮೇಲೆ ಜೋಡಾಸಾಂಕೊವಿನ ಈ ಮಂಟಪದಲ್ಲಿ ಮೂರ್ತಿಪೂಜೆ ಕ್ರಮೇಣ ನಿಂತಿತು. ಕಮಾನುಗಳು ಉಳಿದುವು, ಮೆಟ್ಟಿಲು ಉಳಿಯಿತು, ಎಲ್ಲರ ದೃಷ್ಟಿಯನ್ನು ಒಂದೆಡೆಗೆ ಸೆಳೆಯುವ ವಿನ್ಯಾಸ ಉಳಿಯಿತು. ಅಲ್ಲಿ ನೋಡಬೇಕಾದುದು ಮಾತ್ರ ಇಲ್ಲವಾಯಿತು.

ಈ ಬರಿದಾದ ಮಂಟಪಕ್ಕೆ ಮಾಘೋತ್ಸವದ ಹಾಡುಗಳು ಬಂದುವು. ರವೀಂದ್ರರು ೧೮೮೪ರಲ್ಲಿ ಆದಿ ಬ್ರಾಹ್ಮಸಮಾಜದ ಕಾರ್ಯದರ್ಶಿಗಳಾದರು. ಆ ಸುತ್ತಿನ ವರ್ಷಗಳಲ್ಲಿ ಉತ್ಸವಕ್ಕಾಗಿ ಹೊಸ ಗೀತೆಗಳನ್ನು ಕಟ್ಟಿ, ಮನೆಯ ಹುಡುಗ ಹುಡುಗಿಯರಿಗೆ ಕಲಿಸುವುದು ಅವರ ಕೆಲಸವಾಯಿತು. ಅಂಗಳದ ಧ್ವನಿಗುಣವನ್ನು ಊಹಿಸುವುದು ಕಷ್ಟವಲ್ಲ. ಮೇಲೆ ಆಕಾಶವಿರುವುದರಿಂದ ನಾದದ ಬಹುಭಾಗ ಮೇಲಕ್ಕೆ ಹೋಗಿ ಮರಳುವುದಿಲ್ಲ; ಗುಮ್ಮಟದ ಗದ್ದಲ ಇಲ್ಲಿಲ್ಲ. ಹಿಂದಿನ ಮಂಟಪದ ಗೋಡೆ ಕಮಾನುಗಳು ದನಿಯನ್ನು ಮುಂದಕ್ಕೆ ನೂಕುತ್ತವೆ. ಎದುರಿನ ಜಗಲಿಗಳು ಸ್ವಲ್ಪ ಹಿಂದಿರುಗಿಸುತ್ತವೆ. ಅಂಗಳದಲ್ಲಿ ಕುಳಿತ ಜನಸಂದಣಿ, ಮಾಘದ ಚಳಿಗೆ ಹೊದೆದ ಶಾಲುಗಳೊಡನೆ, ಮಿಕ್ಕುದನ್ನು ಹೀರುತ್ತದೆ. ಇಂಥ ಸ್ಥಳದಲ್ಲಿ ಒಂಟಿ ಕಂಠದ ಸೂಕ್ಷ್ಮ ಗಮಕ ಮೆಟ್ಟಿಲನ್ನಿಳಿಯುವುದರೊಳಗೆ ಸವೆದುಹೋಗುತ್ತದೆ. ನಿಲ್ಲುವುದು ಯಾವುದು? ಹಲವು ಕಂಠ ಕೂಡಿದ ದನಿ, ನೀಳವಾದ ದೀರ್ಘಸ್ವರ, ಮಧ್ಯಮ ಗತಿ, ಒಂದೊಂದು ಅಕ್ಷರಕ್ಕೂ ಒಂದೆರಡೇ ಸ್ವರ.

ಈಗ ಕನ್ನಡದ ಧಾಟಿಗಳಿಗೆ ಬರಬಹುದು. ರವೀಂದ್ರರ ಎರಡನೆಯ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ೧೮೮೦ರ ದಶಕದ ಆದಿಯಲ್ಲಿ, ತರುಣ ಕವಿ ಅಲ್ಲಿಗೆ ಹೋಗಿ ಕೆಲಕಾಲ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಅಲ್ಲಿ ಹುಟ್ಟಿತು. ‘ಸಖಿ ಬಾ ಬಾ’, ‘ಪೂರ್ಣಚಂದ್ರಾನನೆ’ ಎಂಬೆರಡು ಹಾಡುಗಳನ್ನು ಈ ಕಾಲಕ್ಕೆ ಸೇರಿಸಿ ನೋಡುವುದು ರೂಢಿ. ಅವುಗಳ ಹೆಸರನ್ನು ನೋಡಿದರೇ ಸಾಕು, ಅವು ಯಾವ ಮನೆಯ ಹಾಡುಗಳೆಂಬುದು ವಿದಿತವಾಗುತ್ತದೆ. ಸಖಿಯನ್ನು ಬಾ ಎಂದು ಕರೆಯುವ, ಚಂದ್ರಮುಖಿಯನ್ನು ಸಂಬೋಧಿಸುವ ದನಿ ಹತ್ತಿರದ ದನಿ, ನಡುಮನೆಯ ದನಿ. ಎದುರಿಗೆ ಒಬ್ಬಳಿದ್ದರೆ ಸಾಕು.

‘ಬಡೊ ಆಶಾ ಕರೆ’ ಎಂಬಲ್ಲಿ ಈ ಕರೆ ತಲೆಕೆಳಗಾಗಿದೆ. ಕನ್ನಡದಲ್ಲಿ ಹಾಡುವವರು ಒಳಗಿದ್ದು ಹೊರಗಿನವಳನ್ನು ಬರಮಾಡಿಕೊಳ್ಳುವರು. ಬಂಗಾಳಿಯಲ್ಲಿ ಹಾಡುವವನೇ ಹೊರಗೆ ನಿಂತಿದ್ದಾನೆ. ಬಹಳ ಆಸೆಯಿಂದ ಬಂದಿರುವೆನೆಂದೂ, ಹತ್ತಿರ ಕರೆದುಕೊಳ್ಳಬೇಕೆಂದೂ, ಹಿಂದಿರುಗಿಸಬಾರದೆಂದೂ ಜನನಿಯ ಬಾಗಿಲಲ್ಲಿ ಮೊರೆಯಿಡುತ್ತಾನೆ. ಕರೆಯುವ ಧಾಟಿ ಕರೆಯಿಸಿಕೊಳ್ಳಬಯಸುವ ಧಾಟಿಯಾಯಿತು. ಮಂಟಪದ ಮೆಟ್ಟಿಲ ಕೆಳಗೆ, ಅಂಗಳದಲ್ಲಿ ನಿಂತವನ ಸ್ಥಾನ ಇದೇ ಅಲ್ಲವೆ? ‘ಆಜಿ ಶುಭದಿನೆ’ ಇನ್ನೂ ಸ್ಪಷ್ಟ. ಈ ಶುಭದಿನದಂದು ತಂದೆಯ ಭವನಕ್ಕೆ ಹೋಗೋಣವೆಂಬುದು ಅದರ ಭಾವ. ‘ಪಿತಾ’ ಎಂಬುದು ಬ್ರಾಹ್ಮ ಉಪಾಸನೆಯಲ್ಲಿ ಪರಮೇಶ್ವರನಿಗೆ ಸಲ್ಲುವ ಸಂಬೋಧನೆ. ಆದರೆ ಜೋಡಾಸಾಂಕೊ ಅಂಗಳದಲ್ಲಿ ಆ ಹಾಡನ್ನು ಮಹರ್ಷಿಯ ಮಕ್ಕಳು ಮೊಮ್ಮಕ್ಕಳು ಹಾಡಿದಾಗ, ತಂದೆಯ ಭವನವೆಂಬುದು ಕಣ್ಣೆದುರಿಗಿದ್ದ ಕಟ್ಟಡವೂ ಹೌದು. ದೇವೇಂದ್ರನಾಥರು ತೀರಿಕೊಂಡದ್ದು ೧೯೦೫ರಲ್ಲಿ. ಅಲ್ಲಿಯವರೆಗೆ ಈ ಎರಡನೆಯ ಅರ್ಥಕ್ಕೆ ಜೀವವಿತ್ತು. ಇಂದು ಸಭಾಭವನದಲ್ಲಿ ಅದನ್ನು ಕೇಳುವವನಿಗೆ ಒಂದೇ ಅರ್ಥ ದೊರೆಯುತ್ತದೆ. ಇನ್ನೊಂದು ಆ ಅಂಗಳದಲ್ಲಿಯೇ ಉಳಿದುಕೊಂಡಿದೆ.

‘ಆನಂದಲೋಕೆ’ಯ ಮಟ್ಟನ್ನು ತಂದವರು ರವೀಂದ್ರರ ಸೋದರಸೊಸೆ, ಸ್ವರ್ಣಕುಮಾರೀದೇವಿಯ ಮಗಳು, ಸರಳಾದೇವಿ ಚೌಧುರಾಣಿ. ಪದವೀಧರೆಯಾದ ಈ ತರುಣಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಸ್ವಂತ ದುಡಿಮೆಯಿಂದ ಬದುಕಬೇಕೆಂಬ ಹಟದಿಂದ, ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆಗೆ ಅಧ್ಯಾಪಕಿಯಾಗಿ ಹೋದರು. ಆ ದಶಕದಲ್ಲಿ ಮೈಸೂರಿಗೂ ಕಲ್ಕತ್ತೆಗೂ ಸಂಬಂಧ ಬೇರೆಯ ಬಗೆಯಲ್ಲಿಯೂ ಬೆಳೆದಿತ್ತು. ಸ್ವತಃ ಪಿಟೀಲು ಬಾರಿಸುತ್ತಿದ್ದ, ಸಂಗೀತಗಾರರ ಆಶ್ರಯದಾತನಾಗಿದ್ದ ಹತ್ತನೆಯ ಚಾಮರಾಜ ಒಡೆಯರು ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿಯೇ ಕಾಲವಾದರು. ಸರಳಾದೇವಿಯವರು ‘ಜೀವನೇರ್ ಝರಾಪಾತಾ’ ಎಂಬ ಆತ್ಮಕಥೆಯಲ್ಲಿ, ಎಲ್ಲಿಂದ ಯಾವ ಹಾಡು ಸಿಕ್ಕಿದರೂ ಅದನ್ನು ಸೋದರಮಾವನಿಗೆ ಒಪ್ಪಿಸುವುದೇ ತಮಗೆ ಸಂತೋಷವಾಗಿತ್ತೆಂದೂ, ಮೈಸೂರಿನಿಂದ ತಂದ ಹಾಡುಗಳಿಂದ ‘ಆನಂದಲೋಕೆ’, ‘ಏಕಿ ಲಾವಣ್ಯೆ’ ಮೊದಲಾದುವು ಹುಟ್ಟಿದುವೆಂದೂ ತಿಳಿಸಿದ್ದಾರೆ. ಇವುಗಳಲ್ಲಿ ‘ಏಕಿ ಲಾವಣ್ಯೆ’ಗೆ ತ್ಯಾಗರಾಜರ ‘ಲಾವಣ್ಯರಾಮ’ ಮೂಲ. ಮೈಸೂರಿನಿಂದ ಬಂದುದೆಲ್ಲ ಕನ್ನಡವೇ ಎಂದು ಎದೆ ತಟ್ಟಿಕೊಳ್ಳುವವರು ಇದನ್ನು ನೆನಪಿಡಬೇಕು. ಮೈಸೂರು ಆಗ ತೆಲುಗು ಕೃತಿ, ಸಂಸ್ಕೃತ ಸ್ತೋತ್ರ, ಕನ್ನಡ ದೇವರನಾಮ ಮೂರೂ ಒಂದೇ ಕಂಠದಲ್ಲಿ ಹರಿಯುತ್ತಿದ್ದ ಊರು.

‘ಆನಂದಲೋಕೆ’ಯ ಮಾತುಗಳನ್ನು ಗಮನಿಸಿದರೆ ಅವುಗಳಲ್ಲಿ ಕ್ರಿಯಾಪದಕ್ಕಿಂತ ನಾಮಪದಗಳದೇ ಹೆಚ್ಚು ರಾಜ್ಯ, ಅವೂ ದೀರ್ಘಸ್ವರಗಳಿಂದ ಕೂಡಿದ ಸಂಸ್ಕೃತ ಶಬ್ದಗಳು. ಬಂಗಾಳಿ ಬಲ್ಲವನೂ ಬಾರದವನೂ ಒಟ್ಟಿಗೆ ಬಾಯಿ ತೆರೆದು ಹಾಡಬಲ್ಲಂಥವು. ಧಾಟಿ ಒಂದೊಂದು ಮೆಟ್ಟಿಲಾಗಿ ಏರುತ್ತದೆ. ಕೃತಿಯ ಪಲ್ಲವಿಯಲ್ಲಿ ಸಂಗತಿಯ ಮೇಲೆ ಸಂಗತಿ ಹೆಣೆದು ಗಾಯಕನ ವಿದ್ವತ್ತನ್ನು ಮೆರೆಸುವ ಕ್ರಮ ಇಲ್ಲಿ ಪೂರ್ತಿಯಾಗಿ ಕೈಬಿಟ್ಟಿದೆ. ದಕ್ಷಿಣದ ಕಿವಿಗೆ ಇದು ಬಡತನವಾಗಿ ತೋರಬಹುದು; ಹಾಗೆಂದು ಆಡುವವರೂ ಇದ್ದಾರೆ. ಈ ದೂರು ನ್ಯಾಯವಾದುದಲ್ಲ. ಸಂಗತಿಯೆಂಬುದು ಒಬ್ಬ ಹಾಡುಗಾರನೂ ಅವನನ್ನು ಬಲ್ಲ ಕೆಲವು ರಸಿಕರೂ ಒಂದು ಕೋಣೆಯಲ್ಲಿ ಕುಳಿತಾಗ ಅರಳುವ ಹೂವು. ಅಂಗಳದ ಸಮೂಹಗಾನದಲ್ಲಿ ಹತ್ತು ಕಂಠಗಳು ಹತ್ತು ಸಂಗತಿ ಹಾಕಿದರೆ ಉಳಿಯುವುದು ಗೊಂದಲ.

ಇದಕ್ಕಿಂತ ಮುಖ್ಯವಾದುದು ಹಾಡಿನ ದೃಷ್ಟಿ. ಭಜನೆಯಲ್ಲಿ ದೃಷ್ಟಿ ಎದುರಿಗಿರುವ ಮೂರ್ತಿಯ ಮೇಲಿರುತ್ತದೆ. ‘ಆನಂದಲೋಕೆ’ಯಲ್ಲಿ ಅದು ಮಹಾಗಗನಕ್ಕೆ ಏರುತ್ತದೆ. ಗ್ರಹ, ತಾರೆ, ಚಂದ್ರ, ಸೂರ್ಯರು ತವಕದಿಂದ ಓಡುತ್ತ ಅಕ್ಷಯವಾದ ಬೆಳಕನ್ನು ಕುಡಿದು ಅದರಲ್ಲಿಯೇ ಮೀಯುವರೆಂಬ ಕಲ್ಪನೆ ಅಲ್ಲಿದೆ. ಮಂಟಪದಲ್ಲಿ ಮೂರ್ತಿಯಿಲ್ಲ, ಅಂಗಳಕ್ಕೆ ಮಾಡಿಲ್ಲ. ತಲೆಯೆತ್ತಿದರೆ ಮಾಘದ ಇರುಳಿನ ಆಕಾಶ. ಪೂಜೆಗಾಗಿ ಕಟ್ಟಿದ ಮನೆಯಲ್ಲಿ ಪೂಜೆ ನಿಂತಾಗ ಉಂಟಾದ ಶೂನ್ಯವನ್ನು ಈ ಗೀತೆ ಮೇಲ್ಮುಖವಾಗಿ ತುಂಬುತ್ತದೆ. ಮೈಸೂರಿನ ಮಟ್ಟಿಗೆ ಕಲ್ಕತ್ತೆಯಲ್ಲಿ ದೊರೆತ ಹೊಸ ಬಾಳು ಇದು. ಮೂಲವನ್ನು ಕದ್ದರೆಂಬ ಗೊಣಗಾಟಕ್ಕಾಗಲಿ, ಮೂಲ ತಮ್ಮದೆಂಬ ಜಂಬಕ್ಕಾಗಲಿ ಇದು ನಿಲುಕುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ಇದೇ ಗೀತೆಗಳನ್ನು ಬೇರೆಡೆಗಳಲ್ಲಿಯೂ ಹಾಡಿದರಲ್ಲ, ಆಗ ಅಂಗಳಕ್ಕೆ ಏನು ವಿಶೇಷ ಉಳಿಯಿತು ಎಂದು ಕೇಳಬಹುದು. ಮಾಘೋತ್ಸವಕ್ಕಾಗಿ ಮಾಡಿದ ಹಾಡುಗಳನ್ನು ದೇವೇಂದ್ರನಾಥರು ಚುಂಚುಡಾದ ತಮ್ಮ ಬಿಡಾರಕ್ಕೆ ಮಗನನ್ನು ಕರೆಯಿಸಿ, ಜ್ಯೋತಿರಿಂದ್ರನಾಥರ ಹಾರ್ಮೋನಿಯಮ್ಮಿನೊಡನೆ ಕೇಳಿ, ಐನೂರು ರೂಪಾಯಿಯ ಚೆಕ್ಕನ್ನು ಬಹುಮಾನ ಕೊಟ್ಟ ಕಥೆಯನ್ನು ರವೀಂದ್ರರೇ ‘ಜೀವನಸ್ಮೃತಿ’ಯಲ್ಲಿ ಹೇಳಿದ್ದಾರೆ. ಶಾಂತಿನಿಕೇತನದಲ್ಲಿ ೧೮೯೧ರಲ್ಲಿ ತೆರೆದ ಉಪಾಸನಾಗೃಹ ಕಬ್ಬಿಣದ ಚೌಕಟ್ಟಿಗೆ ಬಣ್ಣದ ಗಾಜು ತೊಡಿಸಿದ ಕಟ್ಟಡ. ಗಾಜು ಎತ್ತರದ ಸ್ವರಗಳನ್ನು ಚುರುಕಾಗಿ ಹಿಂದಿರುಗಿಸಿ ಮಂದ್ರವನ್ನು ಹೊರಗೆ ಸೋರಗೊಡುವುದು. ಅಂಗಳದ ಗುಣ ಅಲ್ಲಿಲ್ಲ. ಅಲ್ಲಿಯೂ ಈ ಗೀತೆಗಳು ಸಲ್ಲುತ್ತ ಬಂದಿವೆ. ಆಕ್ಷೇಪಣೆ ಸಾಧುವಾದುದೇ. ಒಂದೊಂದು ಹಾಡಿಗೂ ಒಂದೊಂದು ಗೋಡೆಯನ್ನು ಗಂಟುಹಾಕುವುದು ಸಲ್ಲದು. ಆದರೆ ಹಾಡಿನ ಜಾತಿಯನ್ನು ಗೊತ್ತುಮಾಡಿದ್ದು ಸ್ಥಳವೆಂಬುದನ್ನು ಅಲ್ಲಗಳೆಯಲಾಗದು. ಸ್ಥಳ ಬದಲಾದಾಗ ಜಾತಿಯೂ ಬದಲಾದುದು ಅದಕ್ಕೆ ಸಾಕ್ಷಿ.

ಕೇಶವಚಂದ್ರ ಸೇನರು ಆದಿಸಮಾಜದಿಂದ ಬೇರೆಯಾಗಿ ತಮ್ಮ ಮಂದಿರಕ್ಕೆ ತಳಪಾಯ ಹಾಕಿದಾಗ, ೧೮೬೮ರಲ್ಲಿ, ಅನುಯಾಯಿಗಳೊಡನೆ ಬೀದಿಗಿಳಿದು ನಗರಸಂಕೀರ್ತನೆ ಮಾಡಿದರು. ಬೀದಿಗೆ ಇಳಿದೊಡನೆ ಧ್ರುಪದ ಬಿಟ್ಟುಹೋಗಿ ವೈಷ್ಣವರ ಖೋಲೂ ಕರತಾಳವೂ ಬಂದುವು. ರವೀಂ‌ದ್ರರಲ್ಲಿಯೂ ಹಾಗೆಯೇ. ವಂಗವಿಭಜನೆ ಜಾರಿಗೆ ಬಂದ ೧೯೦೫ರ ಅಕ್ಟೋಬರ್ ೧೬ರಂದು ರಾಖಿ ಕಟ್ಟುತ್ತ ಗಂಗೆಯ ಕಡೆಗೆ ನಡೆದ ಮೆರವಣಿಗೆಗೆ ಅವರು ಒದಗಿಸಿದುದು ನೇರವಾದ ಜಾನಪದ ಧಾಟಿಯ ಹಾಡು. ಆ ಕಾಲದ ಸ್ವದೇಶೀ ಗೀತೆಗಳಲ್ಲಿ ಹಲವಕ್ಕೆ ಬಾವುಲರ ಮಟ್ಟೇ ಆಸರೆ. ನಡೆಯುವವನ ಹಾಡಿಗೆ ನಡಿಗೆಯೇ ತಾಳ. ಇದು ಕನ್ನಡಿಗನಿಗೆ ಹೊಸತಲ್ಲ. ಕಾಲಿಗೆ ಗೆಜ್ಜೆ, ಕೈಗೆ ತಂಬೂರಿ ಹಿಡಿದು ಬೀದಿ ಸುತ್ತಿದ ಹರಿದಾಸರ ಪದಗಳ ಸರಳ ಬಂಧವನ್ನು, ಮುಂದೆ ಕಛೇರಿಯ ವೇದಿಕೆಗೆ ಏರಿದಾಗ ಅದಕ್ಕೆ ಸೇರಿದ ಆಲಾಪ ಅಲಂಕಾರಗಳನ್ನು ಹೋಲಿಸಿ ನೋಡಿದರೆ, ಅದೇ ಕಥೆ ಹಿಂದುಮುಂದಾಗಿ ನಡೆದುದು ಕಾಣುತ್ತದೆ.

ತಮ್ಮ ಹಾಡುಗಳಿಗೆ ಗಾಯಕನು ತಾನು ಬೇಕಾದಂತೆ ತಾನಗಳನ್ನು ಸೇರಿಸಕೂಡದೆಂದು ರವೀಂದ್ರರು ಪಟ್ಟು ಹಿಡಿದದ್ದೂ, ದಿಲೀಪಕುಮಾರ ರಾಯರು ಗಾಯಕನ ಸ್ವಾತಂತ್ರ್ಯದ ಪರವಾಗಿ ಅವರೊಡನೆ ವಾದಿಸಿದ್ದೂ ಪ್ರಸಿದ್ಧವಾಗಿದೆ. ಈ ವಾದವನ್ನು ಕವಿ ಮತ್ತು ಗಾಯಕರ ಹಕ್ಕಿನ ಜಗಳವೆಂದು ವರ್ಣಿಸುವುದು ವಾಡಿಕೆ. ಅದರ ತಳದಲ್ಲಿ ಎರಡು ಮನೆಗಳ ಜಗಳವೂ ಇದೆ. ದಿಲೀಪರ ಮನಸ್ಸಿನಲ್ಲಿದ್ದುದು ಮೆಹಫಿಲಿನ ಕೋಣೆ. ಅಲ್ಲಿ ಹಾಡೆಂಬುದು ಗಾಯಕನಿಗೆ ಬೀಜಮಾತ್ರ. ರವೀಂದ್ರರ ಕಿವಿ ರೂಪುಗೊಂಡದ್ದು ಗಾಯಕನು ತಾನು ಕಾಣಿಸಿಕೊಳ್ಳದೆ ಹಾಡನ್ನು ಮುಂದಿಡಬೇಕಾದ ಅಂಗಳದಲ್ಲಿ.

೨೦೦೧ರಿಂದ ಅಧಿಕೃತವಾಗಿ ಕೋಲ್ಕತವೆನಿಸಿದ ಈ ನಗರದಲ್ಲಿ ‘ಆನಂದಲೋಕೆ’ ಸಭೆಯ ಪ್ರಾರ್ಥನೆಯಾಗಿ ಬಳಕೆಯಾಗುತ್ತಲೇ ಇದೆ. ಕನ್ನಡಿಗರ ಕೂಟಗಳಿಗೂ ಅದಕ್ಕಿಂತ ತಕ್ಕ ನಾಂದಿ ಸಿಕ್ಕದು. ಆದರೆ ಹಾಡಿಸುವ ರೀತಿ ಮಾತ್ರ ವಿಚಾರಿಸತಕ್ಕದ್ದು. ಮುಚ್ಚಿದ ಭವನದಲ್ಲಿ ಒಬ್ಬರ ಬಾಯಿಗೆ ಮೈಕನ್ನು ಹಿಡಿದು, ಯಂತ್ರದಿಂದ ಕೃತಕ ಅನುರಣನವನ್ನು ಬೆರೆಸಿ ಹಾಡಿಸಿದರೆ, ಹಲವು ಕಂಠಗಳಿಗಾಗಿ ಸಂಗತಿಗಳನ್ನು ತ್ಯಜಿಸಿದ ಧಾಟಿ ಸಂಗತಿಯೂ ಇಲ್ಲದೆ ಕಂಠಗಳೂ ಇಲ್ಲದೆ ಬಡವಾಗುತ್ತದೆ. ಸಭಿಕರೆಲ್ಲರೂ ಎದ್ದು ದನಿಗೂಡಿಸುವುದೇ ಆ ಹಾಡಿನ ಬಂಧಕ್ಕೆ ಒಪ್ಪುವ ಕ್ರಮ. ಶ್ರುತಿ ತುಸು ಅತ್ತಿತ್ತ ಸರಿದರೂ ಚಿಂತೆಯಿಲ್ಲ.

ಮನೆ ಬದಲಾದರೆ ಮಟ್ಟಿನ ಸಂಸ್ಕಾರವೂ ಬದಲಾಗುತ್ತದೆಂಬುದಕ್ಕೆ ರವೀಂದ್ರರ ಮುಪ್ಪಿನ ಕಾಲದಲ್ಲಿಯೇ ಒಂದು ಪರೀಕ್ಷೆ ನಡೆದುಹೋಗಿದೆ. ದಕ್ಷಿಣದ ಧಾಟಿಗಳು ಅವರಿಗೆ ಎರಡನೆಯ ಬಾರಿ ದೊರೆತದ್ದು ಶಾಂತಿನಿಕೇತನದಲ್ಲಿ, ಸಾವಿತ್ರಿ ಗೋವಿಂದ್ ಎಂಬ ವಿದ್ಯಾರ್ಥಿನಿಯ ಕಂಠದಿಂದ. ಮುತ್ತುಸ್ವಾಮಿ ದೀಕ್ಷಿತರ ‘ಮೀನಾಕ್ಷಿ ಮೇ ಮುದಂ’ ಎಂಬ ಕೃತಿಯಿಂದ ‘ಬಾಸಂತೀ ಹೇ’ ಎಂಬ ಗೀತೆ ಹುಟ್ಟಿ ೧೯೩೧ರ ‘ನವೀನ್’ ಎಂಬ ಗೀತನಾಟ್ಯದಲ್ಲಿ ಸೇರಿತು. ಇದು ಉಪಾಸನೆಯ ಅಂಗಳಕ್ಕಾಗಿ ಅಲ್ಲ. ದೀಪ, ತೆರೆ, ನರ್ತನಗಳುಳ್ಳ ರಂಗಕ್ಕಾಗಿ ಆದ ಗೀತೆ. ಅಲ್ಲಿ ಹಾಡುವವಳು ಒಬ್ಬಳೇ ಆಗಿರಬಹುದು, ಕೇಳುವವರು ಹಾಡಬೇಕಾಗಿಲ್ಲ. ‘ಆನಂದಲೋಕೆ’ಯಲ್ಲಿ ಕೊಯ್ದುಹಾಕಿದ ಗಮಕ, ಬಾಗು, ಸ್ವರಗಳ ಸುಳಿ ಎಲ್ಲವೂ ‘ಬಾಸಂತೀ ಹೇ’ಯಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಕೊಟ್ಟ ನಾಡು ಒಂದೇ ದಿಕ್ಕಿನದು, ತೆಗೆದುಕೊಂಡ ಕೈ ಒಂದೇ. ನಡುವೆ ಸುಮಾರು ನಾಲ್ಕು ದಶಕಗಳ ಅಂತರವೂ, ಬೇರೊಂದು ಕಟ್ಟಡವೂ ಇವೆ.